ಲೇಪದಡಿಯ ಹೆಸರು

ಸಾಣೆಚಕ್ರ ನನ್ನ ಮೂಗಿಗೆ ಒಂದು ಗೇಣು ದೂರದಲ್ಲಿ ತಿರುಗುತ್ತಿತ್ತು.

ಕಿಡಿಗಳು ಕೆನ್ನೆಗೆ ತಾಗುತ್ತಿದ್ದವು. ಚುರುಕ್… ಚುರುಕ್… ಕತ್ತು ಹಿಡಿದಿದ್ದ ಆಳಿನ ಕೈ ಇಕ್ಕಳದಂತಿತ್ತು. ಎದುರಿಗೆ ಕುರ್ಚಿ ಎಳೆದುಕೊಂಡು ಕೂತವನು ದಲ್ಲಾಳಿ. ಬಂದರಿನಲ್ಲಿ ಎಲ್ಲರೂ ಅವನನ್ನು ಸಕ್ಕರೆ ಎಂದೇ ಕರೆಯುತ್ತಾರೆ. ಕೊರಳು ಕೊಯ್ಯುವಾಗಲೂ ನೋವಾಯಿತೇ ಎಂದು ವಿಚಾರಿಸುವ ಪೈಕಿ.

"ಜೇಬಲ್ಲಿರೋದನ್ನ ಕೊಟ್ಬಿಡಿ ಸಾರ್. ಒಂದು ಸೈಕಲ್ ಗಂಟೆಗೋಸ್ಕರ ಯಾರಾದ್ರೂ ಮೂಗು ಕಳ್ಕೋತಾರಾ?"

ಬಂದರಿನಲ್ಲಿ ಸಿಕ್ಕಿಬಿದ್ದ ಸರಕನ್ನು ಬಿಡಿಸುವುದು ನನ್ನ ಕಸುಬು. ಯಾವ ಮೇಜಿನ ಮೇಲೆ ಕಡತ ಮಲಗಿದೆ, ಯಾರನ್ನು ಕುಲುಕಿದರೆ ಅದು ಏಳುತ್ತದೆ… ಅಷ್ಟು ಬಲ್ಲೆ. ಈ ಸಲ ಸಿಕ್ಕಿಬಿದ್ದದ್ದು ನನ್ನ ಭಾವನ ಸರಕು.

ಭಾವ ಸೈಕಲ್ ಗಂಟೆ ಮಾಡುತ್ತಾರೆ. ಮಾಡಿದ್ದೆಲ್ಲ ಕಡಲಾಚೆಯ ಒಂದೇ ದೇಶಕ್ಕೆ ಹೋಗುತ್ತದೆ. ಆ ದೇಶ ನಮ್ಮ ನೆರೆಯ ದೇಶದ ಮಾಲಿಗೆ ಭಾರಿ ಸುಂಕ ಜಡಿಯಿತು. ನಮ್ಮದನ್ನು ಹಗುರವಾಗಿ ಬಿಟ್ಟಿತು. ಸಕ್ಕರೆ ಸುಮ್ಮನಿರುವನೇ? ನೆರೆಯವರ ಗಂಟೆಗಳನ್ನು ಈ ಶೆಡ್ಡಿಗೆ ತರಿಸಿದ. ಅವರ ದೇಶದ ಹೆಸರನ್ನು ಸಾಣೆಗೆ ಕೊಟ್ಟು ಅಳಿಸಿ, ಹೊಸ ಲೇಪ ಕೊಡಿಸಿ, ನಮ್ಮ ದೇಶದ ಹೆಸರು ಒತ್ತಿಸಿ, ಹಡಗು ಹತ್ತಿಸಿದ.

ಕೊಳ್ಳುವವರಿಗೆ ವಾಸನೆ ಬಡಿಯಿತು. ಅವರ ತನಿಖಾಧಿಕಾರಿ, ಒಬ್ಬ ಹೆಂಗಸು, ಬಂದರಿಗೆ ಬಂದಿಳಿದವರೇ ಗಂಟೆ ಎಂಬ ಗಂಟೆಯನ್ನೆಲ್ಲ ತಡೆದರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಸಂಜೆ ಹಡಗು ಹೊರಡುವುದರೊಳಗೆ ಭಾವನ ಮಾಲು ಅಸಲಿ ಎಂದು ಸಾಬೀತಾಗಬೇಕು. ಇಲ್ಲವಾದರೆ ಆರ್ಡರ್ ರದ್ದು. ಕಾರ್ಖಾನೆಗೆ ಬೀಗ. ಆ ಕಾರ್ಖಾನೆಗಾಗಿ ಅಕ್ಕನ ಮನೆ ಅಡವಿನಲ್ಲಿತ್ತು.

ಸಾಕ್ಷಿಗೆಂದು ಸಕ್ಕರೆಯ ನಕಲಿ ಗಂಟೆಯೊಂದನ್ನು ಕದ್ದು ಜೇಬಿಗಿಳಿಸಿ ಸಿಕ್ಕಿಬಿದ್ದಿದ್ದೆ. ಆದ್ದರಿಂದ ನನ್ನ ಮೂಗು ಅಲ್ಲಿತ್ತು.

ಸಕ್ಕರೆ ಎದ್ದು ಬಂದು ನನ್ನ ಅಂಗಿಯ ಜೇಬಿಗೆ ತನ್ನ ಕಾರ್ಡ್ ತುರುಕಿದ.

"ಇವತ್ತು ಸುಂಕ ಅವರ ತಲೆ ಮೇಲೆ. ನಾಳೆ ಯಾರ ತಲೆಯೋ, ಯಾರಿಗ್ಗೊತ್ತು? ವ್ಯಾಪಾರದಲ್ಲಿ ಹಗೆ ಇಟ್ಕೋಬಾರ್ದು ಸಾರ್. ಮೂಗಿದ್ರೂ ಫೋನ್ ಮಾಡಿ, ಇಲ್ದಿದ್ರೂ ಮಾಡಿ."

ಆಳು ನಕ್ಕ. ನಗುವಾಗ ಹಿಡಿತ ಸಡಿಲಾಗುತ್ತದೆ. ಪಕ್ಕದಲ್ಲಿ ಪೆಟ್ಟಿಗೆಗಳ ಅಟ್ಟಿಯಿತ್ತು. ಝಾಡಿಸಿ ಒದ್ದೆ.

ಸಾವಿರಾರು ಗಂಟೆಗಳು ಒಟ್ಟಿಗೆ ನೆಲಕ್ಕೆ ಬೀಳುವ ಸದ್ದನ್ನು ನೀವು ಕೇಳಿದ್ದೀರಾ? ಊರಿನ ಸೈಕಲ್ಲುಗಳೆಲ್ಲ ಒಮ್ಮೆಗೇ ದಾರಿ ಕೇಳಿದ ಹಾಗೆ… ದಾರಿ ಮಾತ್ರ ಯಾರಿಗೂ ಇಲ್ಲ. ಆಳು ಉರುಳುವ ಗಂಟೆಗಳ ಮೇಲೆ ಕಾಲಿಟ್ಟು ಅಂಗಾತ ಬಿದ್ದ. ನಾನು ಬಾಗಿಲು ದಾಟಿದ್ದೆ.

ಹೊರಗೆ ರಣಬಿಸಿಲು. ಕಂಟೇನರ್‌ಗಳ ನಡುವಿನ ಸಂದಿಗಳಲ್ಲಿ ಓಡಿದೆ. ಜೇಬಿನ ಗಂಟೆ ಹೆಜ್ಜೆಗೊಮ್ಮೆ ಹೊಡೆದುಕೊಳ್ಳುತ್ತಿತ್ತು. ಟ್ರಿಣ್… ಟ್ರಿಣ್… ಎಡಕ್ಕೆ ತಿರುಗಿದರೆ ಬೂಟುಗಳೂ ಎಡಕ್ಕೆ. ಬಲಕ್ಕೆ ತಿರುಗಿದರೆ ಬಲಕ್ಕೆ. ಬೇಟೆಯೇ ಬೇಟೆಗಾರನಿಗೆ ವಿಳಾಸ ಹೇಳುತ್ತ ಓಡುವುದೆಂದರೆ ಇದೇ.

ಲಾರಿ ತೊಳೆಯುವ ಜಾಗದಲ್ಲಿ ಕೊಳಕು ನೀರಿನ ತೊಟ್ಟಿಯೊಂದಿತ್ತು. ಇಳಿದು ಮುಳುಗಿದೆ. ನೀರಿನಡಿ ಗಂಟೆ ಮೂಕವಾಯಿತು. ಬೂಟುಗಳು ಬಂದವು. ನಿಂತವು. ಎದೆ ಒಡೆಯುವ ಹೊತ್ತಿಗೆ… ಹೋದವು.

ತೊಟ್ಟಿಕ್ಕುತ್ತಲೇ ತನಿಖಾಧಿಕಾರಿಯ ಕೋಣೆಗೆ ನುಗ್ಗಿದೆ. ಅವರು ನನ್ನ ಮುಖ ನೋಡಲಿಲ್ಲ. ಕಾರ್ಪೆಟ್ ನೋಡಿದರು. ಗಂಟೆಯನ್ನು ಮೇಜಿನ ಮೇಲಿಟ್ಟು, ಭಾವನ ಕಂಟೇನರಿನಿಂದ ಇನ್ನೊಂದನ್ನು ತರಿಸಿ ಎಂದೆ. ತರಿಸಿದರು.

ಭಾವನದೊಂದು ಹಟವಿದೆ. ಬೇರೆಯವರು ಲೇಪವಾದ ಮೇಲೆ ಹೆಸರೊತ್ತಿದರೆ, ಅವರು ಬರಿಯ ಉಕ್ಕಿನ ಮೇಲೆ ಮೊದಲು ಒತ್ತಿ ಆಮೇಲೆ ನಿಕ್ಕಲ್ ಲೇಪ ಕೊಡಿಸುತ್ತಾರೆ. ಖರ್ಚು ಹೆಚ್ಚು. ಅಕ್ಕ ಬೈದರೂ ಬಿಟ್ಟಿಲ್ಲ. ಹೆಸರು ಲೇಪದಡಿ ಇದ್ದರೆ ಅದಕ್ಕೆ ಗಾಳಿ ಸೋಕುವುದಿಲ್ಲ ಎನ್ನುತ್ತಾರೆ. ಸಕ್ಕರೆ ಲೇಪದ ಮೇಲೆಯೇ ಅಚ್ಚು ಹೊಡೆಸಿದ್ದ. ಲೇಪ ಬಿರುಕು ಬಿಟ್ಟು, ಕಡಲಗಾಳಿ ಒಳಹೊಕ್ಕು, ಅಕ್ಷರಗಳಲ್ಲಿ ಮಾತ್ರ ತುಕ್ಕು ಕೆಂಪಗೆ ಕೂತಿತ್ತು. ಅದೇ ಗಾಳಿಯಲ್ಲಿ ವಾರಗಟ್ಟಲೆ ಕೊಳೆತ ಭಾವನ ಗಂಟೆಯ ಮೇಲೆ ನಮ್ಮ ದೇಶದ ಹೆಸರು ಕನ್ನಡಿಯಂತೆ ಹೊಳೆಯುತ್ತಿತ್ತು.

ಅಧಿಕಾರಿ ಎರಡರ ಮೇಲೂ ಬೆರಳಾಡಿಸಿದರು. ಬಹಳ ಹೊತ್ತು.

"ಒಪ್ಪಿದೆ. ಇವು ನಿಮ್ಮ ದೇಶದಲ್ಲೇ ಆದವು. ಅನುಮಾನ ಇಲ್ಲ."

ಮುದ್ರೆ ಬಿತ್ತು. ಗೆದ್ದೆ ಎಂದುಕೊಂಡೆ. ಆಗ ಅವರ ಕಂಪ್ಯೂಟರ್ ಮಿನುಗಿತು.

ಅವರು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಇಸ್ತ್ರಿ ಹಾಕಿದಂಥ ದನಿಯಲ್ಲಿ ತಿಳಿಸಿದರು. ನೆರೆಯ ದೇಶ ಅವರ ದೇಶದೊಡನೆ ಒಪ್ಪಂದ ಮಾಡಿಕೊಂಡಿದೆ. ಅದರ ಮೇಲಿನ ಭಾರಿ ಸುಂಕ ರದ್ದು. ಅದೇ ಸುಂಕ ಈ ಗಳಿಗೆಯಿಂದ ನಮ್ಮ ಮೇಲೆ… ಪರರ ಮಾಲನ್ನು ನಮ್ಮ ಹೆಸರಲ್ಲಿ ನುಸುಳಲು ಬಿಟ್ಟ ತಪ್ಪಿಗೆ.

ಭಾವ ಏನನ್ನೂ ನುಸುಳಿಸಿಲ್ಲ, ಅದನ್ನು ತಾನೇ ಈಗ ತೋರಿಸಿದ್ದು ಎಂದೆ. ಮಾಲು ಇನ್ನೂ ಹಡಗು ಹತ್ತಿಲ್ಲ, ಹಾಗಾಗಿ ಹೊಸ ಸುಂಕವೇ ಎಂದರು. ಮೇಜು ಗುದ್ದಿದೆ. ಗಂಟೆಗಳೆರಡೂ ಕಿಣಿಗುಟ್ಟಿದವು.

"ನಾನೇನ್ ಮಾಡ್ಲಿ?" ಎಂದರು ಅವರು. "ಇವು ನಿಮ್ಮ ದೇಶದವು ಅಂತ ನೀವೇ ಸಾಬೀತು ಮಾಡಿದ್ರಿ."

ನನಗೆ ಹೊಡೆಯಲು ಬರುತ್ತದೆ. ಹೊಡೆತ ತಿನ್ನಲೂ ಬರುತ್ತದೆ. ಆದರೆ ಸುಂಕಕ್ಕೆ ದವಡೆಯಿಲ್ಲ ನೋಡಿ… ಎಲ್ಲಿಗೆ ಗುದ್ದುವುದು?

ಭಾವ ಹೊರಗೆ, ಕಂಟೇನರಿನ ನೆರಳಿನಲ್ಲಿ ಕೂತಿದ್ದರು. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಸುಂಕ ನೀವೇ ಹೊತ್ತರೆ ಮಾಲು ಕಳಿಸಿ, ಇಲ್ಲವಾದರೆ ಬೇಡ ಎಂದು ಖರೀದಿದಾರ ಫೋನಿಟ್ಟಿದ್ದನಂತೆ. ಮಡಿಲಲ್ಲಿ ಮೊಬೈಲ್ ನಡುಗುತ್ತಿತ್ತು. ಅಕ್ಕ. ಭಾವ ಎತ್ತಲಿಲ್ಲ. ತಮ್ಮ ಗಂಟೆಯೊಂದನ್ನು ಅಂಗೈಯಲ್ಲಿ ತಿರುಗಿಸುತ್ತ ಕೇಳಿದರು.

"ಲೇಪದಡಿ ಇರೋ ಹೆಸರು… ಸಾಣೆ ಹಿಡಿದ್ರೆ ಹೋಗತ್ತೇನಪ್ಪಾ?"

"ಹೋಗತ್ತೆ ಭಾವ. ಹತ್ತಿರದಿಂದ ನೋಡಿದೀನಿ."

"ಆ ಸಕ್ಕರೆ ನಂಬರ್ ಇದ್ಯಾ?"

ಒದ್ದೆ ಜೇಬಿಗೆ ಕೈಹಾಕಿದೆ. ಕಾರ್ಡ್ ನೆನೆದು ಮೆತ್ತಗಾಗಿತ್ತು. ಆದರೆ ಸಕ್ಕರೆ ಈ ಒಂದನ್ನು ಮಾತ್ರ ಅಸಲಿ ಮಾಲಿನಲ್ಲೇ ಮಾಡಿಸಿದ್ದ… ಒಂದಂಕಿಯೂ ಅಳಿಸಿರಲಿಲ್ಲ.