ಮಾವು ಹೋದ ದೇಶ

ಭಾನುವಾರ, 14 ಜುಲೈ 2024. ಬೆಳಿಗ್ಗೆ 10.40ಕ್ಕೆ ಸೇಲಂ ಹೊರವಲಯದ ಠಾಣೆಗೆ ಪ್ರೊಫೆಸರ್ ಗೋಪಿನಾಥ್ ಬಂದರು. ಖಾಸಗಿ ವಿಶ್ವವಿದ್ಯಾಲಯವೊಂದರ ಅಂತರರಾಷ್ಟ್ರೀಯ ವ್ಯವಹಾರ ವಿಭಾಗದ ಮುಖ್ಯಸ್ಥರು. ಮಾವಿನ ತಿರುಳಿನ ರಫ್ತಿನ ಬಗ್ಗೆ ಬೆಳೆಗಾರರನ್ನು ಕೇಳಿ ತುಂಬಿಸಿದ ಮುನ್ನೂರ ಹತ್ತು ಪ್ರಶ್ನಾವಳಿಗಳು ಬೀರುವಿನಿಂದ ಕಾಣೆಯಾಗಿವೆ, ಮೂಲಪ್ರತಿ ನೋಡಲು ಈ ಸಂಶೋಧನಾ ಯೋಜನೆಯಲ್ಲಿ ಪಾಲುದಾರರಾದ ಜರ್ಮನಿಯವರು ನಾಳೆಯೇ ಬರುತ್ತಿದ್ದಾರೆ ಎಂಬುದು ಅವರ ದೂರು.

ಇನ್‌ಸ್ಪೆಕ್ಟರ್ ತಿಮ್ಮರಾಜು ಎಫ್‌ಐಆರ್ ದಾಖಲಿಸಿ, ವಿಭಾಗಕ್ಕೆ ಹೋಗಿ ಪಂಚನಾಮೆ ಮಾಡಿಸಿದ. ಬೀಗ ಒಡೆದಿರಲಿಲ್ಲ. ಬರೆದ ಕಾಗದ ಕದಿಯುವ ಕಳ್ಳನನ್ನು ಅವನು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಕೀ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಮಾತ್ರ. ಕಾರಿನ ಕೀ ಜೊತೇಲೇ."

"ನಿನ್ನೆ?"

"ಮನೇಲಿತ್ತು. ಯಾರೂ ಬಂದಿಲ್ಲ."

ಮಧ್ಯಾಹ್ನ 1.15ಕ್ಕೆ ಕಾನ್‌ಸ್ಟೇಬಲ್ ಪಳನಿ ಅವರ ಮನೆಗೆ ಹೋದ. ಪ್ರೊಫೆಸರರ ಹೆಂಡತಿ ಶಶಿಕಲಾ ಕೂಡ ಯಾರೂ ಬಂದಿಲ್ಲವೆಂದರು.

"ಕಾರು ಫಳಫಳ ಅಂತಿದೆಯಲ್ಲ ಮೇಡಂ?"

"ನಿನ್ನೆ ಮೇನಕಾ ಸರ್ವಿಸ್‌ಗೆ ತಗೊಂಡು ಹೋಗಿದ್ಳು. ಪ್ರತಿ ಶನಿವಾರ ಬರ್ತಾಳಲ್ಲ. ತರಕಾರಿ ತರ್ತಾಳೆ, ಮಗೂನ ವೀಣೆ ಕ್ಲಾಸಿಗೆ ಬಿಡ್ತಾಳೆ."

ಮೇನಕಾ ಪ್ರೊಫೆಸರರ ಸಂಶೋಧನಾ ವಿದ್ಯಾರ್ಥಿನಿ. ಗೈಡ್ ಆದವರ ಮನೆಚಾಕರಿ ಮಾಡದೆ ಪಿಎಚ್‌ಡಿ ಆಗುವುದಿಲ್ಲವೆಂಬುದು ಅಲ್ಲಿ ಎಲ್ಲರೂ ಒಪ್ಪಿಕೊಂಡ ಪದ್ಧತಿ. ಗಂಡ ಹೆಂಡತಿ ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅವಳನ್ನು ಬಂದವರ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ. ಕಾರಿನ ಕೀ ಜೊತೆ ಬೀರುವಿನ ಕೀಯೂ ಅವಳ ಕೈಗೆ ಹೋಗಿತ್ತು. ಪಳನಿಯ ವರದಿ ಕೇಳಿ ತಿಮ್ಮರಾಜುವಿಗೆ ಮೈ ಉರಿಯಿತು.

ಸಂಜೆ 5 ಗಂಟೆಗೆ ಜೀಪು ಮಾರಂಡಹಳ್ಳಿಯಲ್ಲಿ ಮೇನಕಾಳ ಮನೆ ಮುಂದೆ ನಿಂತಿತು. ಬಚ್ಚಲ ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಅರ್ಧ ಸುಟ್ಟ ಹಾಳೆಯೊಂದನ್ನು ತಿಮ್ಮರಾಜು ಎತ್ತಿಕೊಂಡ. ಅಕ್ಷರ ತಮಿಳು, ಮಾತು ಕನ್ನಡ. ಕನ್ನಡ ಶಾಲೆ ಕಾಣದ ಆ ಕಡೆಯವರು ಹಾಗೆಯೇ ಬರೆದುಕೊಳ್ಳುತ್ತಾರೆ. ಪಕ್ಕದ ಊರಿನವನಾದ ಅವನಿಗೆ ಓದಲು ಕಷ್ಟವಾಗಲಿಲ್ಲ. 'ನಮ್ ಮಾಂಗಾಯಿ ಯಾವ್ ದೇಶಕ್ ಓಯ್ತದೋ, ನಮ್ಗ್ಯಾರ್ ಏಳ್ತಾರವ್ವ?'

"ನೀನೇ ಸುಟ್ಟಿದ್ದೇನಮ್ಮ?"

"ಊಂ ಸಾರ್. ಆರ್ ವರ್ಸ ಬಸ್ಸಲ್ಲಿ, ನಡ್ಕಂಡು, ಮುನ್ನೂರತ್ತು ಮನೆಗ್ ಓಗಿ ಬರ್ಕಂಡ್ ಬಂದೆ. ರಿಸರ್ಚ್ ಪೇಪರ್ ಜರ್ಮನೀಲಿ ಬಂತು. ಗೈಡ್ ಎಸ್ರೈತೆ, ಜರ್ಮನಿಯೋರ್ ಎಸ್ರೈತೆ. ನಂದಿಲ್ಲ."

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತ್ತು.

"ಯೂನಿವರ್ಸಿಟೀಲಿ ಕಂಪ್ಲೇಂಟ್ ಕೊಡ್ಬೋದಿತ್ತಲ್ಲ?"

"ಕಂಪ್ಲೇಂಟ್ ಫಾರಂಗೂ ಗೈಡ್ ಸೈನ್ ಬೇಕು ಸಾರ್."

ತಿಮ್ಮರಾಜು ಸುಟ್ಟ ಹಾಳೆಯನ್ನು ಫೈಲಿನೊಳಗಿಟ್ಟ. "ಇದ್ನ ಸುಟ್ಟು ನಿನ್ ಡಿಗ್ರೀನೂ ಓಯ್ತಲ್ಲ."

"ಗೊತ್ತು ಸಾರ್."

5.40ಕ್ಕೆ ಬಂಧನ. ಮಹಿಳಾ ಕಾನ್‌ಸ್ಟೇಬಲ್ ಅವಳನ್ನು ಜೀಪಿಗೆ ಹತ್ತಿಸುವಾಗ ತಾಯಿ ಸಪ್ಪಲಮ್ಮ ಬಾಗಿಲಿಗೆ ಬಂದಳು. "ಸಾಮಿ, ಇವಳ್ ಓದು ಮುಗೀತಾ?" ಎಂದು ಕೇಳಿದಳು. ತಿಮ್ಮರಾಜು ಜೀಪು ಹತ್ತಿದ.

ಸೋಮವಾರ ಜರ್ಮನಿಯವರು ಬಂದರು. ಪ್ರೊಫೆಸರರಿಗಾದ ನಷ್ಟಕ್ಕೆ ಮರುಗಿ, ಯೋಜನೆಯನ್ನು ಇನ್ನೊಂದು ವರ್ಷ ಮುಂದುವರಿಸಿದರು. ಮೇನಕಾಳ ನೋಂದಣಿ ರದ್ದಾಯಿತು.

ಆರೋಪಪಟ್ಟಿ ಬರೆಯಲು ಕೂತ ತಿಮ್ಮರಾಜು ಕೃತ್ಯದ ಉದ್ದೇಶ ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದುಕೊಂಡೇ ಇದ್ದ. ಕೊನೆಗೆ 'ವೈಯಕ್ತಿಕ ದ್ವೇಷ' ಎಂದು ಬರೆದ. ಅದಕ್ಕಿಂತ ಉದ್ದ ಬರೆದರೆ ಯಾರೂ ಓದುವುದಿಲ್ಲವೆಂದು ಅವನಿಗೆ ಗೊತ್ತಿತ್ತು.