ಗೋಡೆ ಮೇಲಿನ ಇದ್ದಿಲ ಗೆರೆ

"ಆ ಟ್ಯೂಬಿಂದ ಕೈ ತೆಗೀ! ಅದು ನಂದು!"

ರಂಜಿತ ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ತೆಂಗಿನ ಮರದಂಥ ಎತ್ತರದ ಯುವಕ. ಬಲಗೈ ಮೈಗಂಟಿಕೊಂಡಿದೆ, ಕಣ್ಣಲ್ಲಿ ಮಾತ್ರ ಬೆಂಕಿ!

ಜಗಳ ಕಿಟಕಿಯ ಸರಳಿಗೆ ಕಟ್ಟಿದ್ದ ಒಂದು ತುಂಡು ಸೈಕಲ್ ಟ್ಯೂಬಿಗೆ. ಅದನ್ನು ಎಳೆದೆಳೆದು ಭುಜಕ್ಕೆ ಬಲ ತುಂಬಿಕೊಳ್ಳಬೇಕಿತ್ತು.

"ನಿಮ್ಮೆಸ್ರು ಬರ್ದಿದ್ಯಾ ಇದ್ರ ಮ್ಯಾಲೆ?"

"ನನ್ ಸೈಕಲ್ದೇ ಕಣಮ್ಮಿ! ನಾನೇ ಕುಯ್ದು ತಂದಿರೋದು!"

"ಅಮ್ಮಿ ಗಿಮ್ಮಿ ಅಂದ್ರೆ ಇದ್ರಲ್ಲೇ ಬಾರುಸ್ಬುಡ್ತೀನಿ!"

"ಯಾವ ಕೈಲಿ?"

ಅಷ್ಟೇ... ರಂಜಿತ ಮೇಲೇಳದ ತನ್ನ ಕೈಯನ್ನು ಸೆರಗಿನೊಳಗೆ ಸರಿಸಿಕೊಂಡಳು. ಅವನೂ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ ಮಾತು ಆಡಿಯಾಗಿತ್ತು.

"ಅರೆ ಬಾಬಾ!" ಎಂದು ಒಳಗಿನಿಂದ ಬಂದರು ಅಸ್ಗರಿ ಬೇಗಂ. "ಇಬ್ರಿಗೂ ಸೇರಿ ನೆಟ್ಟಗಿರೋದು ಎರಡೇ ಭುಜ. ಬಾಯಿ ಮಾತ್ರ ನಾಲ್ಕು ಜನಕ್ಕಾಗೋಷ್ಟು!"

ಅದು ೧೯೯೬. ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ, ಒಂದೇ ಕೋಣೆಯಲ್ಲಿ ಶ್ರೀರಂಗಪಟ್ಟಣದ ಅಸ್ಗರಿ ಬೇಗಂ ಕೈಕಾಲು ಬಿಗಿದವರಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಯುವಕ ಬೆಳಗೊಳದ ಚಿಕ್ಕಸ್ವಾಮಿ. ಆಲೆಮನೆಯ ಇಂಜಿನ್ನಿಗೆ ಹ್ಯಾಂಡ್ಲು ಹೊಡೆಯುವಾಗ ಅದು ತಿರುಗಿ ಒದ್ದು ಅವನ ಭುಜದ ಕೀಲು ಜಾರಿತ್ತು. ರಂಜಿತ ಶೀಳನೆರೆಯವಳು. ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಡ್ರೈವರ್ ಬ್ರೇಕ್ ಒತ್ತಿದ್ದ, ಅಷ್ಟೇ! ಆಮೇಲೆ ಸೀರೆ ಒಣಹಾಕಿದರೂ ಕೀಲು ಜಾರುತ್ತಿತ್ತು. ಇಬ್ಬರಿಗೂ ಮೈಸೂರಿನಲ್ಲಿ ಆಪರೇಷನ್ ಮಾಡಿ ಕೀಲನ್ನು ಬಿಗಿ ಮಾಡಿದ್ದರು. ಈಗ ಜಾರುವುದು ನಿಂತಿತ್ತು, ಆದರೆ ಕೈ ಮೇಲೇಳುತ್ತಿರಲಿಲ್ಲ.

ರಂಜಿತಳಿಗೆ ಆ ಕೈ ಏಳಲೇಬೇಕಿತ್ತು. ಯಾಕೆಂದು ಒಂದು ದಿನ ಅವಳ ತಾಯಿ ಕುಳ್ಳಮ್ಮ ಅಳುತ್ತಾ ಹೇಳಿಬಿಟ್ಟಳು.

"ನಾಗಮಂಗ್ಲದ ಕಡೆಯೋರು ನೋಡಕ್ಕೆ ಬಂದಿದ್ರು ಮೇಡಮ್ನೋರೆ. ಎಲ್ಲಾ ಒಪ್ಪುದ್ರು. ಗಂಡಿನ ಸೋದರತ್ತೆ ಇವ್ಳ ಕೈ ನೋಡುದ್ಲು. 'ಧಾರೆ ದಿನ ಹುಡುಗನ ತಲೆಗೆ ಜೀರಿಗೆ ಬೆಲ್ಲ ಹಾಕಕ್ಕೂ ಕೈ ಎತ್ತದವಳು ನಮ್ಗ್ಯಾಕೆ' ಅಂದ್ಬುಟ್ಟು ಎದ್ದೋದ್ಲು..."

ತೆರೆ ಸರಿದ ಕೂಡಲೇ ಯಾರು ಮೊದಲು ಇನ್ನೊಬ್ಬರ ನೆತ್ತಿಗೆ ಜೀರಿಗೆ ಬೆಲ್ಲ ಹಾಕುತ್ತಾರೋ ಎಂದು ಇಡೀ ಚಪ್ಪರ ಕೂಗುವ ಗಳಿಗೆ ಅದು. ನಗುವುದಕ್ಕೆಂದು ಇರುವ ಶಾಸ್ತ್ರ. ಅದನ್ನೇ ತಕ್ಕಡಿ ಮಾಡಿಕೊಂಡು ಹುಡುಗಿಯನ್ನು ತೂಗಿದರಲ್ಲ, ಥೂ!

ರಂಜಿತ ತಲೆ ತಗ್ಗಿಸಿದಳು. ಕಿಟಕಿಯ ಬಳಿ ಟ್ಯೂಬು ಎಳೆಯುತ್ತಿದ್ದ ಚಿಕ್ಕಸ್ವಾಮಿ ಸಿಡಿದ.

"ಆ ಗಂಡಿಗೆ ಬಗ್ಗಕ್ಕೆ ಸೊಂಟ ಇರ್ನಿಲ್ವಾ? ಅವ್ನೇನು ಲೈಟು ಕಂಬನಾ?"

ರಂಜಿತಳಿಗೆ ನಗು ಉಕ್ಕಿತು! ಎಷ್ಟೋ ತಿಂಗಳ ಮೇಲೆ ಬಂದ ನಗು.

ಅಂದಿನಿಂದ ಟ್ಯೂಬು ಇಬ್ಬರದಾಯಿತು. ಇರುವೆ ಹತ್ತಿದ ಹಾಗೆ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುವುದು ಇನ್ನೊಂದು ವ್ಯಾಯಾಮ. ಮುಟ್ಟಿದ ಕಡೆ ಅಸ್ಗರಿ ಬೇಗಂ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. "ಅಲ್ಲೇ ನಿಲ್ಸು ಬೇಟಿ. ಹತ್ತು ಎಣ್ಸು. ಹತ್ತು ಅಂದ್ಮೇಲೇ ಇಳಿಸ್ಬೇಕು!"

ಗೆರೆಗಳು ಮೇಲೇರಿದವು. ಚಿಕ್ಕಸ್ವಾಮಿ ಆಲೆಮನೆಯಿಂದ ಬಿಸಿ ಆರದ ಬೆಲ್ಲ ತರತೊಡಗಿದ. ಎಲ್ಲರಿಗೂ ಹಂಚುತ್ತಿದ್ದ, ರಂಜಿತಳ ತುಂಡು ಮಾತ್ರ ಯಾಕೋ ದೊಡ್ಡದಿರುತ್ತಿತ್ತು! 'ಬಂದಿರ್ತಾನಾ ಇವತ್ತು?' ಎಂದು ಬಸ್ಸಿನಲ್ಲಿ ಕೂತಾಗಲೇ ಅವಳು ಅಂದುಕೊಳ್ಳುತ್ತಿದ್ದಳು.

ಆದರೆ ಒಂದು ಬೆಳಿಗ್ಗೆ...

ಅವಳ ಪೆನ್ಸಿಲ್ ಗೆರೆಗಳಿಗಿಂತ ಬಹಳ ಮೇಲೆ, ಇದ್ದಿಲಲ್ಲಿ ಎಳೆದ ದಪ್ಪ ಗೆರೆಯೊಂದಿತ್ತು.

"ಇದ್ಯಾರು ಎಳ್ದಿದ್ದು?"

"ನಾನೇ..." ಚಿಕ್ಕಸ್ವಾಮಿಯ ಕಿವಿ ಕೆಂಪಾಯಿತು. "ಅಲ್ಲೀಗಂಟ ನಿನ್ ಕೈ ಬರ್ಲಿ ಅಂತ."

"ಬರ್ದಿದ್ರೆ?"

ಅವನು ಬಾಯಿ ತೆರೆದ. ಜಗಳಕ್ಕೆ ನೂರು ಮಾತು ಬರುವ ಬಾಯಿಗೆ ಅದೊಂದು ಮಾತು ಬರಲಿಲ್ಲ.

'ಇವನೂ ನನ್ನ ಕೈ ಅಳೆದನಾ...'

"ನೀವೂ ಅಳ್ತೆ ಹಾಕ್ಬುಟ್ರಾ? ಆ ನಾಗಮಂಗ್ಲದೋರಿಗೂ ನಿಮ್ಗೂ ಏನ್ ವ್ಯತ್ಯಾಸ?"

"ರಂಜಿತಾ, ಅಂಗಲ್ಲ ಕಣೇ..."

ಅವಳು ಆಗಲೇ ಹೊಸ್ತಿಲು ದಾಟಿದ್ದಳು.

ಮರುದಿನದಿಂದ ಮಧ್ಯಾಹ್ನದ ಬಸ್ಸು ಹಿಡಿದಳು. ಗೋಡೆಯ ಕಡೆ ಕಣ್ಣೆತ್ತಲಿಲ್ಲ. ಆದರೆ ಕೋಪ ಸುಮ್ಮನೆ ಕೂರಬಿಡುತ್ತದೆಯೇ? ಮನೆಯಲ್ಲಿ ಒಲೆ ಪಕ್ಕದ ಗೋಡೆಗೆ ಬೆರಳು ಹತ್ತಿಸಿದ್ದೇ ಹತ್ತಿಸಿದ್ದು! ಮೇಲಿನ ಗೂಡಿನ ಉಪ್ಪಿನಕಾಯಿ ಜಾಡಿ ಕೈಗೆ ಸಿಕ್ಕ ದಿನ ಕುಳ್ಳಮ್ಮ ಕುಣಿದುಬಿಟ್ಟಳು. ರಂಜಿತ ಮಾತ್ರ ಜಾಡಿ ಹಿಡಿದುಕೊಂಡು ಅತ್ತಳು. 'ಇದನ್ನ ಅವನಿಗೆ ಹೇಳಬೇಕಿತ್ತು...'

ಒಂದು ದಿನ ಮಧ್ಯಾಹ್ನದ ಬಸ್ಸು ಇಲ್ಲವೆಂದು ತಿಳಿದು ಬೆಳಗಿನ ಬಸ್ಸಿಗೇ ಬಂದಳು. ಒಳಗೆ ಅಸ್ಗರಿ ಬೇಗಂ ಗದರುತ್ತಿದ್ದರು.

"ಬೆನ್ನು ಬಗ್ಗಿಸ್ಕೊಂಡು ನಡೀತೀಯಾ ಈಚೆಗೆ! ನಿಲ್ಲು ಗೋಡೆಗೆ. ಹಿಮ್ಮಡಿ ತಾಗ್ಬೇಕು, ಬೆನ್ನು ತಾಗ್ಬೇಕು, ತಲೆ ನೆಟ್ಟಗೆ!"

ಚಿಕ್ಕಸ್ವಾಮಿ ಸಪ್ಪೆ ಮುಖದಲ್ಲಿ ಗೋಡೆಗೆ ಒರಗಿ ನೆಟ್ಟಗೆ ನಿಂತ.

ರಂಜಿತ ಬಾಗಿಲಲ್ಲೇ ಕಲ್ಲಾದಳು.

ಆ ಇದ್ದಿಲ ಗೆರೆ... ಸರಿಯಾಗಿ ಅವನ ನೆತ್ತಿಗೆ ತಾಗಿ ನಿಂತಿತ್ತು!

ಅದು ಅವಳ ಕೈಯ ಅಳತೆಯಲ್ಲ. ಅವನ ಎತ್ತರ. ಜೀರಿಗೆ ಬೆಲ್ಲ ಬೀಳಬೇಕಾದ ಜಾಗ!

"ಯೋಳಕ್ಕೇನಾಗಿತ್ತು ನಿಂಗೆ?" ರಂಜಿತ ಕಣ್ಣೀರಲ್ಲೇ ಕೂಗಿದಳು. "ಬಾಯಿ ಬಿದ್ದೋಗಿತ್ತಾ?"

ಚಿಕ್ಕಸ್ವಾಮಿ ಬೆಚ್ಚಿದ. "ಯೋಳಕ್ಕೆ ಬುಟ್ಯಾ ನೀನು? ಬಸ್ಸು ಹೊರಟಂಗೆ ಹೊರಟೋದೆ!"

"ಯಾ ಅಲ್ಲಾ..." ಅಸ್ಗರಿ ಬೇಗಂ ಇಬ್ಬರನ್ನೂ ನೋಡಿದರು, ಗೆರೆಯನ್ನೂ ನೋಡಿದರು. "ಮಕ್ಕಳು ಸುಣ್ಣದ ಗೋಡೆ ಕೆಡಿಸಿದ್ದು ಇದಕ್ಕಾ!" ಎಂದು ನಗುತ್ತಾ ಒಳಗೆ ಹೋದರು.

ರಂಜಿತ ಹತ್ತಿರ ಬಂದಳು. ಏಳದಿದ್ದ ಅದೇ ಕೈ ಎತ್ತಿದಳು. ಎದೆಯ ಮಟ್ಟ... ಭುಜದ ಮಟ್ಟ... ಅಲ್ಲಿ ಕೀಲು ಹಿಡಿಯಿತು. ಹಣೆಯಲ್ಲಿ ಬೆವರು ಮೂಡಿತು.

"ಬಗ್ಗಲಾ?" ಎಂದ ಅವನು.

"ಬಗ್ಗುದ್ರೆ ನೋಡು!"

ಅವನು ಹಿಮ್ಮಡಿ ಗೋಡೆಗೆ ಒತ್ತಿ ನೆಟ್ಟಗಾದ. ಅವಳ ಕೈ ಇಂಚಿಂಚಾಗಿ ಮೇಲೇರಿತು... ಇನ್ನೂ ಮೇಲೆ... ಬೆರಳು ಅವನ ಗುಂಗುರು ಕೂದಲನ್ನು ದಾಟಿ ಅಂಗೈ ನೆತ್ತಿಯ ಮೇಲೆ ಕೂತಿತು!

"ಜೀರಿಗೆ ಬೆಲ್ಲ ಇಲ್ವಲ್ಲ..." ಎಂದಳು ಏದುಸಿರಿನಲ್ಲಿ.

"ಬೆಲ್ಲ ಜೋಬಲ್ಲೈತೆ. ಜೀರಿಗೆ ನಿಮ್ಮವ್ವನ್ನ ಕೇಳಕ್ಕೆ ನಾಳೆ ಶೀಳನೆರೆಗೆ ಬತ್ತೀನಿ. ಬರ್ಲಾ?"

ಅವಳು ಕೈ ಇಳಿಸದೆ ಎಣಿಸತೊಡಗಿದಳು.

"ಒಂದು... ಎರಡು..."

ಅವನು ಕಣ್ಣು ಮುಚ್ಚಿಕೊಂಡ. ಹೊರಗೆ ಕಂಡಕ್ಟರು ಕೆ.ಆರ್. ಪೇಟೆ, ಕೆ.ಆರ್. ಪೇಟೆ ಎಂದು ಕೂಗುತ್ತಿದ್ದ.

"ಎಂಟು... ಒಂಬತ್ತು..."

ಅಲ್ಲಿಗೇ ನಿಲ್ಲಿಸಿದಳು.

"ಹತ್ತು ಅನ್ನು ಮತ್ತೆ. ನೋಯ್ತದೆ ಕಣೇ ಕೈ."

"ಅನ್ನಲ್ಲ," ಎಂದಳು ರಂಜಿತ. "ಅಂದ್ರೆ ಇಳಿಸ್ಬೇಕಲ್ಲ!"