ಕನ್ನಡಿ ತಿರುಗಿಸಿದ್ದ ಕಾರು

"ಕಾರಿನ ವರ್ಷ ಗೊತ್ತು, ಬಣ್ಣ ಗೊತ್ತು... ಡ್ರೈವರ್ ಮಾತ್ರ ಗೊತ್ತಿಲ್ವಾ, ಮಾರ್ಲಿಸ್?"

ಬೆನ್ನ ಹಿಂದೆ ಆ ದನಿ ಕೇಳಿದೊಡನೆ ಮಾರ್ಲಿಸ್‌ಳ ಕೈಯಲ್ಲಿದ್ದ ಫೋಟೋ ಮೇಜಿನ ಮೇಲೆ ಬಿತ್ತು. ನಲವತ್ತೈದು ವರ್ಷವಾದರೂ, ಹಾಳಾದ್ದು, ಅದೇ ದನಿ!

ಗ್ಯಾರೇಜಿನ ಡ್ವೇನ್. ಮದುವೆಯೇ ಆಗದೆ ಉಳಿದವನು. ಗಂಡ ತೀರಿಕೊಂಡ ಮೇಲೆ ಹೋದ ವರ್ಷ ಅಮೆರಿಕದ ಅಯೋವಾದ ಈ ಪುಟ್ಟ ಊರಿಗೆ ಮರಳಿದ್ದ ಮಾರ್ಲಿಸ್, ಅವನ ಬೀದಿಗೂ ಕಾಲಿಟ್ಟಿರಲಿಲ್ಲ. ಗ್ರಂಥಾಲಯದಲ್ಲಿ ಹಳೆಯ ಮೆರವಣಿಗೆಗಳ ಫೋಟೋ ಜೋಡಿಸುವುದರಲ್ಲೇ ದಿನ ಕಳೆಯುತ್ತಿದ್ದಳು.

ಡ್ವೇನ್ ಬೆರಳಿಟ್ಟ ಫೋಟೋದಡಿ ಅವಳದೇ ಅಕ್ಷರ: 'ಮೆಕ್ಕೆಜೋಳದ ಹಬ್ಬ, 1964. ಕೆಂಪು ಶೆವರ್ಲೆ ತೆರೆದ ಕಾರು, 1962ರದು. ಹಬ್ಬದ ರಾಣಿ: ಮಾರ್ಲಿಸ್. ಚಾಲಕ: ತಿಳಿದಿಲ್ಲ.'

"ಗೊತ್ತಿತ್ತು. ಮರೆತೆ," ಎಂದಳು ಬಿಗಿಯಾಗಿ.

"ಮರೆತವರು ಹೀಗೆ ಮುಖ ಊದಿಸ್ಕೊಳ್ಳಲ್ಲ."

ಪಕ್ಕದಲ್ಲಿ ಸೇಬಿನ ಪೈ ಕತ್ತರಿಸುತ್ತಿದ್ದ ಗೆಳತಿ ಫರ್ನ್ ಎದ್ದಳು. "ನಾನು ಕಾಫಿ ತರ್ತೀನಪ್ಪಾ. ಅಷ್ಟರಲ್ಲಿ ನಿಮ್ಮ ಜಗಳ ಮುಗಿಸಿ. ಊರಿಗೇ ಸಾಕಾಗಿದೆ!"

ಅವಳು ಅತ್ತ ಹೋದದ್ದೇ ತಡ, ಮಾರ್ಲಿಸ್ ಸಿಡಿದಳು.

"ಆವತ್ತು ಮೆರವಣಿಗೆಲಿ ನಡೆಯೋರೂ ನಮ್ಮನ್ನ ದಾಟಿ ಹೋಗ್ತಿದ್ರು, ಅಷ್ಟು ನಿಧಾನ! ಅಷ್ಟು ನಿಧಾನದಲ್ಲೂ ನೀನು ಮುಂದಿದ್ದ ಟ್ರ್ಯಾಕ್ಟರಿಗೆ ಗುದ್ದಿದೆ. ನನ್ನ ಕಿರೀಟ ಬಿತ್ತು, ಊರೆಲ್ಲ ನಕ್ಕಿತು. ನೀನು ತಿರುಗಿ ಕೂಡ ನೋಡ್ಲಿಲ್ಲ. ಇಡೀ ದಾರಿ, ಒಂದ್ಸಲವೂ!"

ಆ ದಿನ ನೀಲಿ ಫ್ರಾಕು ಹಾಕಿದ್ದೇ ಇವನಿಗಾಗಿ... ಇವನಿಗೆಲ್ಲಿ ಗೊತ್ತು!

ಡ್ವೇನ್ ಟೋಪಿ ತೆಗೆದು ಕೈಯಲ್ಲಿ ಹಿಸುಕಿದ. "ಆ ಭೂತಗನ್ನಡಿ ತಗೋ. ಕಾರಿನ ಒಳಗಿನ ಕನ್ನಡಿ ನೋಡು."

ಅವಳು ಒಲ್ಲದ ಮನಸ್ಸಿನಿಂದ ಬಾಗಿದಳು. ಹಿಂದಿನ ರಸ್ತೆ ತೋರಿಸಬೇಕಾದ ಕನ್ನಡಿ ಮೇಲಕ್ಕೆ ಮುಖ ಮಾಡಿತ್ತು. ಹಿಂದಿನ ಸೀಟಿನ ತುದಿಯಲ್ಲಿ, ಎತ್ತರದಲ್ಲಿ ಕೂತು ಕೈಬೀಸುತ್ತಿದ್ದ ಹುಡುಗಿಯ ಕಡೆಗೆ.

"ಡ್ವೇನ್... ಇದ್ರಲ್ಲಿ ರಸ್ತೆ ಕಾಣಲ್ವಲ್ಲ?"

"ಇಲ್ಲ. ನೀನು ಕಾಣ್ತಿದ್ದೆ. ತಿರುಗಿ ನೋಡೋ ಧೈರ್ಯ ಇರ್ಲಿಲ್ಲ, ಅದಕ್ಕೇ... ಟ್ರ್ಯಾಕ್ಟರ್ ನಿಂತಿದ್ದು ಗೊತ್ತೇ ಆಗ್ಲಿಲ್ಲ ಕಣೇ."

"ಆಮೇಲಾದ್ರೂ ಹೇಳ್ಬಾರ್ದಿತ್ತಾ?"

"ಯಾವ ಮುಖ ಇಟ್ಕೊಂಡು? ಬೇಸಿಗೆ ಮುಗಿಯೋವರೆಗೂ ಅಪ್ಪ ಕೀ ಕೊಡ್ಲಿಲ್ಲ. 'ಟ್ರ್ಯಾಕ್ಟರ್ ಡ್ವೇನ್' ಅಂತ ಹೆಸರು ಬೇರೆ ಬಿತ್ತು. ಧೈರ್ಯ ಬರೋಷ್ಟರಲ್ಲಿ ನೀನು ಷಿಕಾಗೋ ಬಸ್ಸು ಹತ್ತಿದ್ದೆ."

ಮಾರ್ಲಿಸ್‌ಗೆ ಅಳುವೂ ಬಂತು, ನಗುವೂ ಬಂತು. ಅಯ್ಯೋ ಪೆದ್ದೇ... ನಿನಗೆ ನಾನು ಬೇಡವಾದೆ ಅಂದುಕೊಂಡೇ ಆ ಬಸ್ಸು ಹತ್ತಿದೆನಲ್ಲೋ!

ರಬ್ಬರ್ ತೆಗೆದುಕೊಂಡಳು. 'ತಿಳಿದಿಲ್ಲ' ಅಳಿಸಿ 'ಡ್ವೇನ್' ಎಂದು ಬರೆದಳು.

"ಆ ಕಾರು ಇನ್ನೂ ಇದೆ," ಎಂದ ಅವನು ಮೆಲ್ಲಗೆ. "ನಾನೂ ಹಾಗೇ ಇದ್ದೀನಿ. ನಿನ್ನನ್ನ ಪ್ರೀತಿಸೋದು ನಿಲ್ಲಿಸ್ಲೇ ಇಲ್ಲ ಮಾರ್ಲಿಸ್. ಈ ಶನಿವಾರದ ಹಬ್ಬದ ಮೆರವಣಿಗೆಗೆ... ಬರ್ತೀಯಾ?"

"ಸೀಟಿನ ತುದಿಗೆ ಹತ್ತಿ ಕೂರೋಕೆ ನನ್ನ ಮಂಡಿ ಒಪ್ಪಲ್ಲಪ್ಪ."

ಅವನ ಮುಖ ಸಪ್ಪಗಾಯಿತು.

"ಮುಂದಿನ ಸೀಟಲ್ಲಿ, ನಿನ್ನ ಪಕ್ಕದಲ್ಲಿ ಕೂರ್ತೀನಿ."

"ಹಾಗಾದ್ರೆ... ಕನ್ನಡಿ?"

"ಅದು ರಸ್ತೆ ಕಡೆಗೇ ಇರ್ಲಿ," ಎಂದು ಮಾರ್ಲಿಸ್ ಅವನ ಕೈ ಹಿಡಿದಳು. "ನನ್ನನ್ನ ನೋಡ್ಬೇಕು ಅನ್ನಿಸಿದ್ರೆ, ಈ ಸಲ ತಿರುಗಿ ನೋಡು."